ಸವಾಲಿನಲ್ಲಿ ಹೋದ ಆಕ್ಸಿಜನ್ ಮಿಷನ್

ಕೊರೊನಾ ಕಾಲದಲ್ಲಿ ಜನ ಗಾಬರಿಬಿದ್ದು ಖರೀದಿಸಿ, ಆಮೇಲೆ ಅಟ್ಟಕ್ಕೆ ಹಾಕಿ ಮರೆತ ಆಕ್ಸಿಜನ್ ಮಿಷನ್‌ಗಳನ್ನು ಹುಡುಕಿ ತರುವುದು ಜಗಳೂರಿನ ಅಂಬಿಕಾ ಮತ್ತು ಅವಳ ಗಂಡ ಕೆಂಚೇಶನ ವ್ಯಾಪಾರವಾಗಿತ್ತು. ಮೋಟರು ರಿಪೇರಿಯಲ್ಲಿ ಕೈ ಪಳಗಿದ್ದ ಕೆಂಚೇಶ್ ಅವನ್ನು ಬಿಚ್ಚಿ, ಫಿಲ್ಟರ್ ಬದಲಿಸಿ, ಓಡಿಸಿ ನೋಡುತ್ತಿದ್ದ. ಅಂಬಿಕಾ ಫೋಟೊ ತೆಗೆದು ‘ಸವಾಲ್’ ಅನ್ನುವ ಆ್ಯಪ್‌ನಲ್ಲಿ ಹರಾಜಿಗಿಡುತ್ತಿದ್ದಳು. ಹೆಚ್ಚಿಗೆ ಕೂಗಿದವರ ದುಡ್ಡು ಮೊದಲು ಕಂಪನಿಯ ಕೈಗೆ ಹೋಗುತ್ತಿತ್ತು. ಮಾಲು ತಲುಪಿತು ಅಂತ ಕೊಂಡವರು ಒಪ್ಪಿದ ಮೇಲೆ ಇವರ ಖಾತೆಗೆ ಬರುತ್ತಿತ್ತು.

ಅವರು ಮಾರಿದ ಮೊದಲನೇ ಮಿಷನ್ ಅಂಬಿಕಾಳ ತಾಯಿ ಓಬವ್ವನದು. ಅವ್ವ ತೀರಿಕೊಂಡ ಮೇಲೆ ಅದನ್ನು ನೋಡಲಾಗದೆ ಹರಾಜಿಗಿಟ್ಟಿದ್ದಳು. ಕೊಂಡವರು ಫೋನ್ ಮಾಡಿ, ‘ನಮ್ಮಪ್ಪ ಎಷ್ಟೋ ದಿನದ ಮೇಲೆ ನಿನ್ನೆ ಒರಗಿಕೊಂಡು ನಿದ್ದೆ ಮಾಡಿದರು’ ಅಂದಾಗ ಅವಳಿಗೆ ಈ ಕೆಲಸದ ಮೇಲೆ ಮನಸ್ಸು ಕೂತಿತು.

ಈ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನ್ಯಾಮತಿಯ ಪ್ರಸನ್ನಕುಮಾರ್ ಅನ್ನುವವನು ಒಂದು ಮಿಷನ್ನಿಗೆ ಕೂಗಿದ. ಅಡಿಕೆ ಮಂಡಿಯಲ್ಲಿ ತೂಕ ಹಾಕುವ ಕೆಲಸ ಅವನದು.

“ಅಕ್ಕಾ, ಅಮ್ಮಗೆ ದಮ್ಮು ಜಾಸ್ತಿ ಆಗೈತೆ,” ಅಂತ ಆ್ಯಪ್‌ನಲ್ಲೇ ಬರೆದ. “ಹೊಸದು ತಗಳಾಕೆ ನನ್ ಕೈಲಿ ಆಗಲ್ಲ. ನಿಮ್ದು ಚೆನ್ನಾಗಿ ಓಡತೈತಾ?”

ಅಂಬಿಕಾ ಮಿಷನ್ ಓಡುವ ವಿಡಿಯೊ ಕಳಿಸಿದಳು. ಸವಾಲು ಅವನಿಗೇ ಆಯಿತು. ಇದ್ದಬದ್ದ ದುಡ್ಡನ್ನೆಲ್ಲ ಒಟ್ಟುಮಾಡಿ ಕಂಪನಿಗೆ ಕಟ್ಟಿದ. ಇವಳು ಕೊರಿಯರ್‌ಗೆ ಅಂತ ವಿಳಾಸದ ಚೀಟಿ ಅಂಟಿಸಿ ಡಬ್ಬ ಕಟ್ಟಿಟ್ಟಳು.

ಬೆಳಗಾಗುವಷ್ಟರಲ್ಲಿ ಕಂಪನಿಯ ನಿಯಮ ಬದಲಾಗಿತ್ತು. ಬಳಸಿದ ವೈದ್ಯಕೀಯ ಉಪಕರಣಗಳನ್ನು ಇನ್ನು ಮಾರುವಂತಿಲ್ಲ. ನಡೆದಿರುವ ಸವಾಲುಗಳೂ ರದ್ದು. ಕಟ್ಟಿದ ಹಣ ಪರಿಶೀಲನೆಯ ನಂತರ ವಾಪಸ್. ಆ್ಯಪ್ ಬಿಟ್ಟು ಹೊರಗೆ ನೇರವಾಗಿ ಕೊಡು-ಕೊಳ್ಳು ಮಾಡಿದರೆ ಖಾತೆ ಬಂದ್. ಪ್ರಸನ್ನಕುಮಾರ್ ಜೊತೆಗಿನ ಮಾತುಕತೆಯೂ ಮುಚ್ಚಿಹೋಗಿತ್ತು. ಅವನ ಕೊನೆಯ ಸಾಲು ಮಾತ್ರ ಕಾಣುತ್ತಿತ್ತು: “ಅಕ್ಕಾ, ಇವತ್ತು ಹೊರಡತೈತಾ?”

“ರೂಲ್ಸು ಸುಮ್ನೆ ಮಾಡಿಲ್ಲ ಅವ್ರು,” ಅಂದ ಕೆಂಚೇಶ್. “ಎಲ್ಲೋ ಯಾರೋ ಕೆಟ್ಟ ಮಿಷನ್ ಮಾರಿ, ಒಬ್ರು ಸತ್ತೇ ಹೋದ್ರಂತೆ.”

“ನಮ್ದು ಕೆಟ್ಟಿಲ್ವಲ್ಲ.”

“ಅದು ಕಂಪನಿಯೋರಿಗೆ ಹೆಂಗೆ ಗೊತ್ತಾಗಬೇಕು? ಮೋಟರು, ಮಿಕ್ಸಿ ಎಲ್ಲಾ ಅದೇ ಖಾತೇಲಿ ಮಾರ್ತಾ ಇದೀವಿ ಅಂಬಿಕಾ. ಅದು ಹೋದ್ರೆ ನಾವೂ ಹೋದ್ವಿ.”

ಅಂಬಿಕಾ ಕಟ್ಟಿಟ್ಟ ಡಬ್ಬ ಎತ್ತಿಕೊಂಡು ತಾನೇ ಹೊರಟಳು. ಅದರ ಮೇಲೆ ವಿಳಾಸ ಇತ್ತು. ದಾವಣಗೆರೆಯಲ್ಲಿ ಬಸ್ ಬದಲಿಸಿ, ಹೊನ್ನಾಳಿ ದಾಟಿ ನ್ಯಾಮತಿಯಲ್ಲಿ ಇಳಿದಾಗ ಭಾರ ಹೊತ್ತು ಅವಳ ರಟ್ಟೆ ಸೋತುಹೋಗಿದ್ದವು.

ಪ್ರಸನ್ನಕುಮಾರನ ತಾಯಿ ಅನ್ನಪೂರ್ಣಮ್ಮ ಮಲಗಲಾರದೆ, ತೊಡೆಯ ಮೇಲೆ ದಿಂಬು ಇಟ್ಟುಕೊಂಡು ಮುಂದಕ್ಕೆ ಬಾಗಿ ಕೂತಿದ್ದರು. ಮಿಷನ್ ಹಚ್ಚಿ ಮೂಗಿಗೆ ನಳಿಕೆ ಸಿಕ್ಕಿಸಿದ ಸ್ವಲ್ಪ ಹೊತ್ತಿಗೆ ಅವರ ಹೆಗಲು ಇಳಿದವು. ಅಂಬಿಕಾಳ ಕೈಯನ್ನು ಹಿಡಿದುಕೊಂಡವರು ಬಿಡಲೇ ಇಲ್ಲ.

“ದುಡ್ಡು ವಾಪಸ್ ಬಂದ ದಿನಾನೇ ನಿಮಗೆ ಹಾಕ್ತೀನಕ್ಕಾ,” ಅಂದ ಪ್ರಸನ್ನಕುಮಾರ್.

ದುಡ್ಡು ಬರಲಿಲ್ಲ. ಬಂದದ್ದು ಕಂಪನಿಯ ಸಂದೇಶ: ಅಂಬಿಕಾಳ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಮಾರಿದ ಮೋಟರುಗಳಿಂದ ಬರಬೇಕಿದ್ದ ಹಣವೂ ತಡೆಯಲ್ಲಿತ್ತು. ಅವಳು ದಿಕ್ಕುತೋಚದೆ ಕೂತಿರುವಾಗಲೇ ಪ್ರಸನ್ನಕುಮಾರನ ಫೋನ್ ಬಂತು.

“ನಾನು ಒಳ್ಳೇದಾಗ್ಲಿ ಅಂತಾನೇ ಕಂಪನಿಗೆ ಬರ್ದೆ ಅಕ್ಕಾ. ರದ್ದಾದ್ರೂ ಆ ಅಕ್ಕ ಮನೀಗೇ ತಂದು ಕೊಟ್ರು, ನಮ್ಮಮ್ಮ ಉಳಿದ್ರು, ನನ್ ದುಡ್ಡು ಅವರಿಗೇ ಕೊಟ್ಟುಬಿಡ್ರಿ ಅಂತ ಬರ್ದೆ. ಅದಕ್ಕೆ, ನಿಮಗೆ ಮಾಲು ಸಿಕ್ಕೈತೆ, ನಿಮಗೂ ವಾಪಸ್ ಇಲ್ಲ, ಮಾರಿದೋರು ನಿಯಮ ಮುರಿದಾರೆ, ಅವರಿಗೂ ಇಲ್ಲ ಅಂದ್ರು.”

ಅಂಬಿಕಾಳಿಗೆ ಬೈಯಲು ಬಾಯಿ ಬರಲಿಲ್ಲ. ಕೆಂಚೇಶ್ ಮಾತ್ರ ಮೂರನೇ ದಿನ ಅಂಗಿ ತೊಟ್ಟುಕೊಂಡ. “ಮಿಷನ್ ತರಾಕೆ ಹೊಂಟೀನಿ. ದಾವಣಗೆರೇಲಿ ಒಬ್ರು ತಗಂತಾರೆ.” ಅವನೊಬ್ಬನನ್ನೇ ಕಳಿಸಲು ಹೆದರಿ ಅವಳೂ ಹೊರಟಳು.

ನ್ಯಾಮತಿಯ ಮನೆಯಲ್ಲಿ ಕೆಂಚೇಶ್ ನಿಂತುಕೊಂಡೇ ವಿಷಯ ಹೇಳಿದ. ಪ್ರಸನ್ನಕುಮಾರ್ ತಲೆ ಎತ್ತಲಿಲ್ಲ. ಕಂಪನಿ ದುಡ್ಡು ಕೊಟ್ಟಿಲ್ಲ ಅನ್ನುವುದನ್ನು ಅವನು ತಾಯಿಗೆ ಹೇಳಿಯೇ ಇರಲಿಲ್ಲ. ಅನ್ನಪೂರ್ಣಮ್ಮ ಎಲ್ಲವನ್ನೂ ಕೇಳಿಸಿಕೊಂಡು, ತಾವೇ ಮೂಗಿನ ನಳಿಕೆ ಕಿತ್ತು ನೆಲದ ಮೇಲಿಟ್ಟರು.

“ತಗಂಡು ಹೋಗಪ್ಪಾ. ಇನ್ನೊಬ್ಬರ ಮಾಲು ಪುಕ್ಕಟೆ ಇಟ್ಕಂಡೋರಲ್ಲ ನಾವು.”

ಕೆಂಚೇಶ್ ಬಗ್ಗಿ ಪ್ಲಗ್ ಕಿತ್ತ. ಮಿಷನ್ ನಿಂತಿತು. ಆ ಮೌನದಲ್ಲಿ ಆಕೆ ಉಸಿರೆಳೆಯುವ ಸದ್ದು ಕೇಳಿಸತೊಡಗಿತು. ತುಟಿ ಕಪ್ಪಿಡುತ್ತಿದ್ದರೂ ಆಕೆ ಗೋಡೆಯನ್ನೇ ನೋಡುತ್ತಿದ್ದರು. ಅಂಬಿಕಾ ಎದ್ದು ಬರುವ ಮೊದಲೇ ಕೆಂಚೇಶ್ ಪ್ಲಗ್ಗನ್ನು ಮತ್ತೆ ಚುಚ್ಚಿದ. ಮಂಡಿಯೂರಿ ಕೂತು, ನಳಿಕೆಯನ್ನು ಅಂಗಿಯಿಂದ ಒರೆಸಿ ಆಕೆಯ ಕೈಗಿಟ್ಟ.

“ಹಾಕ್ಕಳ್ರಿ ಅಮ್ಮಾ. ನಂದು ತಪ್ಪಾತು.”

ವಾಪಸ್ ಬರುವಾಗ ಹೊನ್ನಾಳಿ ಸೇತುವೆಯ ಮೇಲೆ ಬಸ್ ನಿಧಾನವಾಯಿತು. ಕೆಂಚೇಶ್ ಹೊಳೆಯ ಕಡೆ ಮುಖ ಮಾಡಿ, “ಪ್ಲಗ್ ಕಿತ್ತೆ ನಾನು. ನೋಡ್ದ್ಯಲ್ಲ ನೀನು?” ಅಂದ.

“ನೋಡ್ದೆ,” ಅಂದಳು ಅಂಬಿಕಾ. ಬೇರೆ ಏನಾದರೂ ಹೇಳಬೇಕಿತ್ತು ಅಂತ ಅವಳಿಗೆ ಆಮೇಲೆ ಬಹಳ ಸಲ ಅನ್ನಿಸಿತು.

ಖಾತೆ ಇಲ್ಲದೆ ವ್ಯಾಪಾರ ನಡೆಯಲಿಲ್ಲ. ಕೆಂಚೇಶ್ ದಾವಣಗೆರೆಯಲ್ಲಿ ಮೋಟರು ವೈಂಡಿಂಗ್ ಅಂಗಡಿಯೊಂದಕ್ಕೆ ಕೂಲಿಗೆ ಸೇರಿಕೊಂಡ; ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೇ ಬರುವುದು.

ಶ್ರಾವಣ ಇನ್ನೂ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಪ್ರಸನ್ನಕುಮಾರ್ ಮಿಷನ್ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ. ತಲೆ ಬೋಳಿಸಿದ್ದ. ಅಂಬಿಕಾ ಚಾಪೆ ಹಾಸಿ ಚಹಾ ಕೊಟ್ಟಳು.

“ನಾನು ಮನ್ಯಾಗೆ ಇದ್ದಾಗ ಹಾಕ್ಕಂತಿದ್ರು,” ಅಂದ ಅವನು. “ನಾನು ಮಂಡಿಗೆ ಹೋದ ಕೂಡ್ಲೆ, ಪುಕ್ಕಟೆ ಮಾಲು ಅಂತ ಆಫ್ ಮಾಡಿಬಿಡ್ತಿದ್ರಂತೆ. ಪಕ್ಕದ ಮನೆ ಪ್ರೇಮಲತಕ್ಕ ಈಗ ಹೇಳಿದ್ರು. ಯಾರಿಗೂ ಹೇಳಬ್ಯಾಡ ಅಂತ ಅಮ್ಮ ಆಣೆ ಹಾಕಿಸ್ಕಂಡಿದ್ರಂತೆ. ಅವತ್ತು ನಾನು ಬರೋದು ತಡ ಆತು.”

ಚಹಾ ಆರಿಹೋಯಿತು. ಅವನು ನಳಿಕೆಯನ್ನು ತೊಳೆದು, ಒಣಗಿಸಿ, ಸುರುಳಿ ಸುತ್ತಿ ತಂದಿದ್ದ. ಅದನ್ನು ಎಲ್ಲಿಡಬೇಕು ಅಂತ ಅವಳಿಗೂ ತಿಳಿಯಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಅವನ ಜೊತೆ ನಡೆದಳು. ದಾವಣಗೆರೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವನು ಹಿಂತಿರುಗಿದ.

“ಅಕ್ಕಾ, ಅಮ್ಮ ಹೋದ್ರು, ಮಾಲು ವಾಪಸ್ ಕೊಟ್ಟೀನಿ ಅಂತ ಕಂಪನಿಗೆ ಇನ್ನೊಂದ್ಸಲ ಬರೀಲಾ?”

“ಬ್ಯಾಡ ತಮ್ಮಾ,” ಅಂದಳು ಅಂಬಿಕಾ. “ಏನೂ ಬರೀಬ್ಯಾಡ. ಹುಷಾರಾಗಿ ಹೋಗು.”