ಮಾತಾಡದ ಕೀ

ಪಿಯಾನೊ ಶ್ರುತಿ ಮಾಡುವವನು ಒಂದು ಕೀಯ ಮೂರನೆಯ ತಂತಿಯ ಮೊಳೆಯನ್ನು ಕೂದಲೆಳೆಯಷ್ಟು ತಿರುಗಿಸಿ ಅದೇ ಕೀಯನ್ನು ಮತ್ತೆ ಒತ್ತಿದ. ಮೂರೂ ತಂತಿಗಳು ಒಂದಾಗಿ ನುಡಿದವು. ನಾದ ಖಾಲಿ ಸಭಾಂಗಣದ ಹಿಂಗೋಡೆಯವರೆಗೆ ಹೋಗಿ ಬಂತು.

ಸತ್ತವನ ಹೆಂಡತಿ ಮೊದಲ ಸಾಲಿನಲ್ಲಿ ಕುಳಿತಿದ್ದಳು. ಮಧ್ಯಾಹ್ನ ಅಂತ್ಯಕ್ರಿಯೆ ಮುಗಿದಿತ್ತು. ಸಂಜೆ ಐದಕ್ಕೆ ಅವನ ಜಾಜ್ ತಂಡದವರು ಅವನ ರಚನೆಗಳನ್ನೇ ನುಡಿಸಿ ಅವನನ್ನು ಕಳಿಸಿಕೊಡುವುದೆಂದು ನಿಶ್ಚಯವಾಗಿತ್ತು.

"ಅತ್ತಿಗೆ, ಏನಾದ್ರೂ ತಿಂದ್ರಾ?" ತನಗಿಂತ ಎತ್ತರದ ಬಾಸ್ ವಾದ್ಯವನ್ನು ಅಪ್ಪಿಕೊಂಡು ಬಂದವನು ಕೇಳಿದ. ಅವನನ್ನು ಎಲ್ಲರೂ ಗುಡುಗು ಎನ್ನುತ್ತಿದ್ದರು.

"ತಿಂದೆ. ಅದನ್ನ ಹಿಡ್ಕೊಂಡು ಎಷ್ಟೊತ್ತು ನಿಂತಿರ್ತೀಯೋ, ಒರಗಿಸಿ ಕೂತ್ಕೋ."

"ಮೂವತ್ತು ವರ್ಷದ ಸಂಸಾರ ಇದು. ಕೈ ಬಿಟ್ರೆ ಬಿದ್ಬಿಡತ್ತೆ." ನಗಲು ಹೋದವನು ನಗಲಾರದೆ ಕಣ್ಣೊರೆಸಿಕೊಂಡ. "ಕೊನೇಲಿ ನಿಮ್ಮ ಹಾಡು, ಅತ್ತಿಗೆ. 'ಮನೆಯಾಕೆಗೆ'. ಅದನ್ನ ನುಡಿಸ್ದೆ ಇದ್ರೆ ಜನ ನಮ್ಮನ್ನ ಹೊರಗೆ ಬಿಡಲ್ಲ."

*

ಮದುವೆಯಾದ ವರ್ಷ, ಹಳೆಯ ಪಿಯಾನೊವನ್ನು ಮೆಟ್ಟಿಲು ಹತ್ತಿಸುವಾಗ ಒಳಗೇನೋ ಮುರಿದಿತ್ತು. ಒಂದು ಕೀ ಒತ್ತಿದರೆ ಬರೀ ಮರದ ಸದ್ದು. ಸರಿ ಮಾಡಿಸಿ ಎಂದರೆ ಅವನು ನಕ್ಕಿದ್ದ. "ಇರ್ಲಿ ಬಿಡು. ಈ ಮನೇಲಿ ಒಬ್ಬರಾದ್ರೂ ಬಾಯಿ ಮುಚ್ಕೊಂಡಿರ್ಲಿ."

ಅಲ್ಲಿಂದ ಅವನ ರಚನೆಗಳೆಲ್ಲ ಆ ಸ್ವರವನ್ನು ದಾಟಿಕೊಂಡೇ ಹೋದವು. ಹೊಂಡ ತಪ್ಪಿಸಿ ನಡೆಯುವವನ ಹೆಜ್ಜೆಯಂತಿದ್ದ ಆ ನೆಗೆತವೇ ಅವನ ಶೈಲಿಯೆಂದು ಹೆಸರಾಯಿತು. ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವಾಗಲೂ ತಂಡದವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಅವನ ಬಳಿ ಪಿಯಾನೊ ಕಲಿತ ಶಿಷ್ಯೆಗೂ ಅದೇ ಮೊದಲ ಪಾಠ. ಇದಕ್ಕೆ ಹೊರತಾದದ್ದು 'ಮನೆಯಾಕೆಗೆ' ಒಂದೇ ಎಂಬುದು ತಂಡದವರಿಗೆ ಗೊತ್ತಿತ್ತು. ಸ್ವರಗಳ ಹೆಸರೂ ತಿಳಿಯದ ಹೆಂಡತಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಅವಳು ಶಸ್ತ್ರಚಿಕಿತ್ಸೆಗೆಂದು ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದಾಗ ಹುಟ್ಟಿದ ಹಾಡು ಅದು. "ನೀನಿಲ್ಲದ ಮನೇಲಿ ಒಬ್ಬನೇ ಕೂತು ಬರೆದೆ" ಎಂದಿದ್ದ. ಮನೆಯಲ್ಲಿ ನುಡಿಸಿ ಎಂದಾಗಲೆಲ್ಲ, "ಅದಕ್ಕೆ ದೊಡ್ಡ ಹಾಲ್ ಬೇಕು ಕಣೇ" ಎನ್ನುತ್ತಿದ್ದ.

*

ಗುಡುಗು ದೀಪದವರನ್ನು ಹುಡುಕಿಕೊಂಡು ಹೋದ. ಶ್ರುತಿಯವನು ಅದೇ ಕೀಯನ್ನು ಇನ್ನೊಮ್ಮೆ ಒತ್ತಿ ತಲೆದೂಗಿದ.

"ಇದೊಂದು ಮಾತ್ರ ಎಷ್ಟು ನೋಡಿದ್ರೂ ಸಮಾಧಾನ ಇಲ್ಲ, ಅಮ್ಮಾ. ಉಳಿದಿದ್ದು ಹೆಂಗಾದ್ರೂ ಇರ್ಲಿ, ಇದು ಜೇನಿನ ಹಂಗಿರ್ಬೇಕು ಅಂತ ಅವರು ವರ್ಷಕ್ಕೆರಡು ಸಲ ಹೇಳೋರು."

"ಯಾವುದು?" ಅವಳು ವೇದಿಕೆ ಹತ್ತಿ ಬಂದಳು. ಬೀಗದ ತೂತಿನಿಂದ ಬಲಕ್ಕೆ ನಾಲ್ಕನೆಯ ಬಿಳಿ ಕೀ. ಮನೆಯ ಪಿಯಾನೊದಲ್ಲಿ ಮೂವತ್ತೊಂದು ವರ್ಷ ಅದೇ ಕೀಯ ಧೂಳು ಒರೆಸಿದವಳು ಅವಳೇ. ಒತ್ತಿದಳು. ಅದು ಹಾಡಿತು.

"ನಮ್ಮನೇಲಿ ಇದು ಮಾತೇ ಆಡಲ್ವಲ್ಲ."

ಅವನ ಕೈ ಅಲ್ಲೇ ನಿಂತಿತು. "ಹೌದಲ್ವಾ... ಎಷ್ಟೋ ಮನೆ, ಎಷ್ಟೋ ಪಿಯಾನೊ. ಒಂದಕ್ಕೊಂದು ಕಲಸಿಹೋಗತ್ತೆ."

ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಉತ್ತರ ಬರುವವರೆಗೆ ಕಾಯುವುದು ರೂಢಿ. "ಎಲ್ಲಿ ಹೇಳೋರು?"

"ಸೇತುವೆ ಆಚೆ. ನಾಲ್ಕನೇ ಮಹಡಿ. ಅಲ್ಲೊಬ್ಬರು ಇದಾರೆ, ಅವರ ಮನೇಲಿ."

"ಯಾವಾಗಿಂದ?"

"ನಿಮ್ಮ ಆಪರೇಷನ್‌ಗೂ ಮುಂಚೆ."

"ಆ ಹಾಡು ಅಲ್ಲೇ ಆಗಿದ್ದಾ?"

ಅವನು ತಂತಿಗಳನ್ನೇ ನೋಡುತ್ತ ಹೂಂ ಎಂದ.

"ಮೂವತ್ತು ವರ್ಷ ನಮ್ಮನೇಲಿ ಕಾಫಿ ಕುಡಿದಿದೀರಿ."

"ಕುಡಿದಿದೀನಿ, ಅಮ್ಮಾ."

"ಈಗಲೂ ಹೋಗಿ ಕುಡ್ಕೊಂಡು ಬನ್ನಿ. ಹೊರಗೆ ಇಟ್ಟಿದಾರೆ."

ಶ್ರುತಿ ಮಾಡುವಾಗ ಪಕ್ಕದ ತಂತಿಗಳ ಬಾಯಿ ಕಟ್ಟಲು ಅವನು ಸಣ್ಣ ರಬ್ಬರ್ ತುಂಡುಗಳನ್ನು ಸಿಕ್ಕಿಸುತ್ತಿದ್ದ. ಒಟ್ಟು ಒಂಬತ್ತು, ಪ್ರತಿ ಸಲ ಎಣಿಸಿಯೇ ಪೆಟ್ಟಿಗೆಗೆ ಹಾಕುವುದು ಅವನ ಪದ್ಧತಿ. ಕಾಫಿ ಕುಡಿದು ಬಂದಾಗ ಪಿಯಾನೊದ ಮುಚ್ಚಳ ಹಾಕಿತ್ತು. ಹೆಂಡತಿ ತನ್ನ ಕುರ್ಚಿಯಲ್ಲಿದ್ದಳು. ಅವನು ತುಂಡುಗಳನ್ನು ಎಣಿಸಿದ. ಏಳು. ಮತ್ತೆ ಎಣಿಸಿದ. ಅವಳನ್ನು ನೋಡಿದ. ಅವಳೂ ನೋಡಿದಳು.

ಅವನು ಪೆಟ್ಟಿಗೆ ಮುಚ್ಚಿ ಚಿಲಕ ಹಾಕಿದ.

*

ಅವನ ಜಾಗದಲ್ಲಿ, ಪಿಯಾನೊದ ಮುಂದೆ ಕುಳಿತು ಶಿಷ್ಯೆ ಆರು ರಚನೆಗಳನ್ನು ನುಡಿಸಿದಳು. ಆರೂ ಆ ಸ್ವರವನ್ನು ದಾಟಿ ಹೋದವು. ಜನ ಚಪ್ಪಾಳೆ ತಟ್ಟಿದರು, ಕೆಲವರು ಅತ್ತರು. ಆಮೇಲೆ ಗುಡುಗು ಮೈಕಿನ ಮುಂದೆ ಬಂದ.

"ಇದು ಅವನು ನಮ್ಮ ಅತ್ತಿಗೆಗೆ ಅಂತಾನೇ ಬರೆದಿದ್ದು. ಇಷ್ಟೇ ಹೇಳೋಕಾಗೋದು ನನಗೆ."

ಮುನ್ನೂರು ಮುಖಗಳು ಮೊದಲ ಸಾಲಿನತ್ತ ತಿರುಗಿದವು. ಶಿಷ್ಯೆ ಮೆಲ್ಲಗೆ ಆರಂಭಿಸಿದಳು. ಮೂರು ಸ್ವರ ಏರಿತು. ನಾಲ್ಕನೆಯದು, ಟಪ್.

ಹುಡುಗಿ ಬೆಚ್ಚಿದಳು. ಹಾಡಿನ ಮೊದಲಿಗೆ ಮರಳಿ ಬಂದಳು. ಟಪ್. ಸಭೆಯಲ್ಲಿ ಗುಜುಗುಜು ಎದ್ದಿತು. "ಏನಾಯ್ತು, ತಂತಿ ಕಡೀತಾ?" ಎಂದು ಯಾರೋ ಪಿಸುಗುಟ್ಟಿದರು. ಗುಡುಗು ಗಾಬರಿಯಿಂದ ಇನ್ನೂ ಜೋರಾಗಿ ಬಾರಿಸಿದ. ಅವಳು ತುಟಿ ಕಚ್ಚಿ ಮುಂದುವರಿಸಿದಳು. ಎಲ್ಲಿ ಹಾಡು ಬಂದು ನಿಲ್ಲಬೇಕೋ ಅಲ್ಲೆಲ್ಲ ಒಣ ಮರದ ಸದ್ದು.

ಹೆಂಡತಿ ಹಿಂದಕ್ಕೆ ತಿರುಗಿದಳು. ಎಲ್ಲರೂ ವೇದಿಕೆಯತ್ತ ಕತ್ತು ನೀಡಿ ಕುಳಿತಿದ್ದರು. ಕೊನೆಯ ಸಾಲಿನಲ್ಲಿ, ಬೂದು ಬಣ್ಣದ ಕೋಟು ತೊಟ್ಟ ಹೆಂಗಸೊಬ್ಬಳು ಮಾತ್ರ ಕಣ್ಣು ಮುಚ್ಚಿದ್ದಳು. ಅವಳ ಬಲಗೈ ಮುಂದಿನ ಕುರ್ಚಿಯ ಬೆನ್ನಿನ ಮೇಲಿತ್ತು. ಸ್ವರ ಕಾಣೆಯಾದ ಪ್ರತಿ ಜಾಗದಲ್ಲೂ ಅವಳ ಉಂಗುರ ಬೆರಳು, ಒಂದಿಷ್ಟೂ ಹಿಂದುಮುಂದಾಗದೆ, ಮರವನ್ನು ಒತ್ತುತ್ತಿತ್ತು.