ಮಗ್ಗದ ಗುಂಡಿಯಲ್ಲಿ ಬೆಳೆದ ಊರು

ನಾನು ಒಂದು ಗೆದ್ದಲು ರಾಣಿ. ಮೊದಲ ಮಳೆ ಬಿದ್ದ ಸಂಜೆ ನನಗೆ ರೆಕ್ಕೆ ಇತ್ತು. ಹಾರಿದ್ದು ಅದೊಂದೇ ಸಲ. ನೇಕಾರರ ಮನೆಯ ಕಿಟಕಿಯಿಂದ ಒಳಗೆ ಬಿದ್ದು, ರೆಕ್ಕೆ ಕಳಚಿ, ಜೊತೆಗಾರನೊಂದಿಗೆ ಮಗ್ಗದ ಗುಂಡಿಯ ಬಿರುಕಿಗೆ ನುಸುಳಿದೆ. ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿ ಅದು.

ಮಕ್ಕಳು ಹುಟ್ಟಿ ನನ್ನ ಸುತ್ತ ಮಣ್ಣಿನ ಕೋಣೆ ಕಟ್ಟಿದರು. ಅದರ ಕಿಂಡಿಗಳಲ್ಲಿ ಅವರು ಓಡಾಡುತ್ತಾರೆ. ನಾನು ಊದಿ ಹೆಬ್ಬೆರಳಿನಷ್ಟಾದೆ. ಆ ಕಿಂಡಿಗಳಲ್ಲಿ ನನಗೆ ದಾರಿ ಇಲ್ಲ. ತಿನ್ನಿಸುತ್ತಾರೆ, ಮೊಟ್ಟೆ ಹೊತ್ತೊಯ್ಯುತ್ತಾರೆ. ಸಾವಿರವಿದ್ದವರು ಲಕ್ಷ ಮೀರಿದರು. ಎಷ್ಟೋ ವರ್ಷ ಮಣ್ಣೊಳಗೇ ಇದ್ದೆವು. ಮೇಲೆ ತಲೆ ಎತ್ತಿದರೆ ಆ ಮನೆಯ ಸೊಸೆ ಬನವ್ವ ದಿನವೂ ಗುಡಿಸಿಬಿಡುತ್ತಿದ್ದಳು.

ಅವಳು ಬಾಣಂತನಕ್ಕೆ ತವರಿಗೆ ಹೋದಳು. ತಿರುಗಿ ಬರುವಷ್ಟರಲ್ಲಿ ನಮ್ಮ ಹುತ್ತ ಗುಂಡಿ ತುಂಬಿ ಸೊಂಟದೆತ್ತರ ಬೆಳೆದಿತ್ತು. ಅತ್ತೆ ಚಂದವ್ವ ಮಗ್ಗ ಬಿಚ್ಚಿ ಗೋಡೆಗೆ ಒರಗಿಸಿ, ಹುತ್ತಕ್ಕೆ ಅರಿಶಿನ ಹಚ್ಚಿದ್ದಳು.

"ಅತ್ತಿ, ನಾ ಎಲ್ಲಿ ಕುಂದರ್ಲಿ?"

"ಅಡಗಿ ಮನ್ಯಾಗ ಜಾಗಾ ಇಲ್ಲೇನು? ನಾಗಪ್ಪ ತಾನಾಗಿ ಬಂದಾನ. ಹುತ್ತ ಒಡದ್ರ ಕೂಸಿಗೆ ಒಳ್ಳೇದಲ್ಲ. ಸಂತಿ ದಿನ ಮಗ್ಗ ಮಾರಿದ್ರಾತು."

"ಇಡೀ ಊರು ಬಿಟ್ಟು ನಾಗಪ್ಪಗ ನನ್ನ ಗುಂಡೀನ ಬೇಕಾಗಿತ್ತೇನ್ರಿ?"

"ನಿನ್ನ ಬಾಯಿಗೆ ಹೊಲಿಗಿ ಹಾಕಬೇಕು."

ಆಮೇಲೆ ಬನವ್ವ ದಿನವೂ ಬಂದು ಸುಮ್ಮನೆ ಹುತ್ತದ ಎದುರು ನಿಲ್ಲುತ್ತಿದ್ದಳು. ಸಂತೆಯ ಹಿಂದಿನ ದಿನ ಹಾರೆ ತಂದಳು. ನೆಲ ನಡುಗಿತು. ಕಾವಲಿನವರು ಕಿಂಡಿಗಳಿಗೆ ಓಡಿದರು. ನನಗೆ ಹೊರಳಲೂ ಆಗಲಿಲ್ಲ. ಏಟು ಬೀಳುತ್ತಲೇ ಇತ್ತು, ನಮ್ಮ ಮೇಲಲ್ಲ. ಎದುರು ಗೋಡೆಯ ಪಕ್ಕ ಅವಳು ಹೊಸ ಗುಂಡಿ ತೋಡುತ್ತಿದ್ದಳು.

"ಏನ ಮಾಡಾಕತ್ತೀಯವ್ವಾ?"

"ಹುತ್ತ ಮುಟ್ಟಿಲ್ರಿ. ನಾಗಪ್ಪ ಆ ಕಡಿ, ನಾ ಈ ಕಡಿ."

ಚಂದವ್ವ ಅಳುತ್ತಿದ್ದ ಕೂಸನ್ನು ಎತ್ತಿಕೊಂಡಳು. ಸಂಜೆಗೆ ಹೊಸ ಗುಂಡಿಯ ಬಳಿ ಮಗ್ಗದ ಕಂಬಗಳು ನೆಲಕ್ಕಿಳಿದವು.

ಈಗ ನನಗೆ ವಯಸ್ಸಾಗಿದೆ. ರಾಣಿ ಎನ್ನುತ್ತಾರೆ, ಯಾರಿಗೂ ಒಂದು ಅಪ್ಪಣೆ ಕೊಟ್ಟವಳಲ್ಲ. ಉಣ್ಣುವ ಹೊಟ್ಟೆಗಳು ಹೆಚ್ಚಿದಂತೆ ಮಕ್ಕಳು ಮೇವು ಹುಡುಕಿ ದೂರ ಹೋಗುತ್ತಾರೆ. ಇವತ್ತು ಬಾಯಿಗೆ ಹೊಸ ರುಚಿ ಇಟ್ಟರು: ನೂಲಿಗೆ ಹಚ್ಚುವ ಗಂಜಿ ಹೀರಿದ ಮರ. ಎದುರು ಗೋಡೆಯ ಪಕ್ಕದ ಕಂಬದ್ದೆಂದು ತಿಳಿಯಿತು. ಆ ಕಡೆ ಹೋಗಬೇಡಿ ಎನ್ನಲು ನನಗೆ ಮಾತಿಲ್ಲ.

ಮೇಲೆ ಮಗ್ಗ ಬಡಿಯುತ್ತಿತ್ತು. ನುಂಗಿದೆ. ಮತ್ತೊಂದು ಮೊಟ್ಟೆ ಜಾರಿತು.