ಧಕ್ಕೆಗೆ ಒಯ್ದ ಎಡೆ

ಕ್ರಿಸ್ತಿನಾ ಅಜ್ಜಿ ಯಾರ ಮಾತೂ ಕೇಳಿರಲಿಲ್ಲ. ತಮ್ಮ ಸಿದ್ದಿ ಕುಲದ ಹಿರಿಯರು ಆಫ್ರಿಕಾದಿಂದ ಬಂದಿಳಿದ ಪಟ್ಟಣ ನೋಡಲು ಮನೆಮಂದಿಯೆಲ್ಲ ಹಳಿಯಾಳದಿಂದ ಹಳೆ ಗೋವೆಗೆ ಹೊರಟಾಗ, ಕೋಳಿ ಸಾರು, ಅನ್ನ, ತೆಂಗಿನಕಾಯಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಟೆಂಪೋದಲ್ಲಿ ಕೂತಿದ್ದಳು. ಕೊರಳಲ್ಲಿ ಶಿಲುಬೆ ಇದ್ದರೇನು, ಹಿರಿಯರಿಗೆ ಎಡೆ ಇಡದೆ ಆಕೆ ಯಾವ ಹಬ್ಬದಲ್ಲೂ ಉಂಡವಳಲ್ಲ. ಅವರ ಊರಿಗೇ ಹೋಗಿ ಬರಿಗೈಯಲ್ಲಿ ನಿಲ್ಲುವುದೆಂದರೇನು?

ಹೊಳೆದಂಡೆಯಲ್ಲಿ ಹಿಂದೆ ಹಡಗು ನಿಲ್ಲುತ್ತಿದ್ದ ಧಕ್ಕೆಯಲ್ಲಿ ಆಕೆ ಬಾಳೆ ಎಲೆ ಹಾಸಿದಳು. ಮೊಮ್ಮಗಳು ನೀಲಂ ಪಕ್ಕದಲ್ಲಿ ಕೂತು ತಾನು ಓದಿದ್ದನ್ನು ಹೇಳತೊಡಗಿದಳು.

“ನಮ್ಮ ಹಿರಿಯರನ್ನ ಗುಲಾಮರಂತ ಇಲ್ಲೇ ಇಳಿಸಿ ಮಾರತಿದ್ರಂತ, ಅಜ್ಜಿ. ಜೀವದ ಹಂಗು ಬಿಟ್ಟವರು ತಪ್ಪಿಸಿಕೊಂಡು ಘಟ್ಟ ಹತ್ತಿದ್ರು. ನಾವು ಅವರ ಮಕ್ಕಳು.”

ಅನ್ನ ಬಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. ಬಡಿಸಿದ್ದನ್ನು ಮತ್ತೆ ಡಬ್ಬಿಗೆ ತುಂಬಿ ಎಲೆ ಮಡಚಿದಳು.

“ಯಾಕ ಅಜ್ಜಿ?”

“ಓಡಿ ಹ್ವಾದವರನ್ನ ಮತ್ತ ಇಲ್ಲಿಗೇ ಊಟಕ್ಕ ಕರೀಲೇನು? ನನ್ನ ಬುದ್ಧಿ ಎಲ್ಲಿ ಹೋಗಿತ್ತೋ. ಏಳ್ರಿ, ಘಟ್ಟದ ಮ್ಯಾಲ ಹೋಗೂಣು.”

ಟೆಂಪೋ ಘಟ್ಟ ಹತ್ತಿ ನಿಂತಿತು. ಕಾಡಿನಂಚಿನ ಒಂದು ಮತ್ತಿಮರದ ಬುಡದಲ್ಲಿ ಆಕೆ ಎಲೆ ಹಾಸಿ, ಎಲ್ಲವನ್ನೂ ಬಡಿಸಿ, ಕಾಯಿ ಒಡೆದಳು. ಮನೆಮಂದಿ ಹಿಂದೆ ನಿಂತರು. ಅಜ್ಜಿ ಸೊಂಟ ನೆಟ್ಟಗೆ ಮಾಡಿ, ಮನೆಗೆ ಬಂದ ಬೀಗರಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದಳು:

“ಸಾವಕಾಶ ಉಣ್ರಿ. ನಿಮ್ಮ ಬೆನ್ನ ಹತ್ತಿದವರೆಲ್ಲ ಹ್ವಾದ್ರು. ನಾವು ಅದೇವಿ.”